ದನ ಕಾಯುವವರ ಊರು

ನಮ್ಮ ನಾಡಿನ ಶಾಲೆಗಳಲ್ಲಿ ಓದಿ ಬಂದವರಿಗೆ ಒಂದು ಬೈಗುಳವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗಿ ತಪ್ಪಿತೆ, ಸಂಧಿ ಬಿಡಿಸಲು ಬರಲಿಲ್ಲವೆ, ಭೂಪಟದಲ್ಲಿ ತುಂಗಭದ್ರೆಯನ್ನು ತೋರಿಸೆಂದರೆ ಗೋದಾವರಿಯ ಮೇಲೆ ಬೆರಳಿಟ್ಟೆವೆ, ಮೇಷ್ಟರ ಬಾಯಿಂದ ಬರುತ್ತಿದ್ದ ಮಾತು ಒಂದೇ: "ನೀನು ದನ ಕಾಯೋದಕ್ಕೇ ಲಾಯಕ್ಕು!" ಮಿಕ್ಕ ಹುಡುಗರಿಗೆ ಅದು ಬರಿಯ ಬೈಗುಳ. ನನಗೂ ನನ್ನ ತಮ್ಮನಿಗೂ ಅದು ಮನೆಯ ಸಮಾಚಾರ. ನಮ್ಮ ಅಪ್ಪ ನಿಜವಾಗಿಯೂ ದನ ಕಾಯುತ್ತಿದ್ದರು.

ಕಡೂರು ಸೀಮೆಯಲ್ಲಿ ನಮ್ಮೂರು. ಊರಿನ ಮಗ್ಗುಲಿಗೇ ಅಮೃತಮಹಲ್ ಕಾವಲು. ಮೈಸೂರಿನ ಅರಸರ ಕಾಲದಿಂದ ಸರ್ಕಾರಿ ದನಗಳಿಗೆಂದು ಮೀಸಲಾದ ಹುಲ್ಲುಗಾವಲು ಅದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನ್ನಿಸಿಕೊಂಡಿದ್ದ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಕಾವಲಿನಂಚಿನ ಗೋಮಾಳದಲ್ಲಿ ಅಪ್ಪ ಊರ ದನಗಳನ್ನು ಮೇಯಿಸುತ್ತಿದ್ದರು. ಸುಗ್ಗಿಯಾದ ಮೇಲೆ ದನವೊಂದಕ್ಕೆ ಇಷ್ಟು ಸೇರು ರಾಗಿ ಎಂದು ಕೂಲಿ. ನೂರಿಪ್ಪತ್ತು ದನ, ಒಂದು ಕೋಲು, ಒಂದು ಕಂಬಳಿ, ಒಂದು ಬುತ್ತಿಗಂಟು. ನಮ್ಮನ್ನು ಶಾಲೆಗೆ ಸೇರಿಸಿದ ದಿವಸ ತಂದೆಯ ಉದ್ಯೋಗವೆಂಬ ಕಡೆಯಲ್ಲಿ ಹೆಡ್‌ಮೇಷ್ಟರು 'ಬೇಸಾಯ' ಎಂದು ಬರೆದುಕೊಂಡರು. ಗೇಣು ಭೂಮಿಯಿಲ್ಲದವನಿಗೆ ಬೇಸಾಯವೆಂತು? ಪುಣ್ಯಾತ್ಮರು ದಯೆಯಿಂದಲೇ ಹಾಗೆ ಬರೆದರೆಂದು ಕಾಣುತ್ತದೆ.

ಮುಂದೆ ನಾನು ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಲು ನಿಂತೆ. ತಮ್ಮ ಕಂಪ್ಯೂಟರು ಕಲಿತು ಅಮೆರಿಕಕ್ಕೆ ಹೋದ. ಆ ಮಹಾದೇಶದಲ್ಲಿ ಅಷ್ಟೊಂದು ಊರುಗಳಿರುವಾಗ ಅವನ ಅನ್ನದ ಋಣ ಬಿದ್ದದ್ದು ಟೆಕ್ಸಾಸಿನ ಫೋರ್ಟ್‌ವರ್ತ್‌ನಲ್ಲಿ. ಆ ಊರಿಗೆ ಅಲ್ಲಿಯವರೇ ಅಕ್ಕರೆಯಿಂದ ಇಟ್ಟುಕೊಂಡಿರುವ ಅಡ್ಡಹೆಸರು 'ಕೌಟೌನ್'. ಕನ್ನಡದಲ್ಲಿ ಹೇಳುವುದಾದರೆ ದನದೂರು!

ಆ ಊರನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲನೆಯ ಸಲ 2019ರ ಬೇಸಿಗೆಯಲ್ಲಿ ಹೋಗಿ ಎರಡು ತಿಂಗಳು ತಮ್ಮನ ಮನೆಯಲ್ಲಿದ್ದೆ. ಎರಡನೆಯ ಸಲ 2023ರ ಜನವರಿಯಲ್ಲಿ, ಅಪ್ಪನನ್ನು ಕರೆದುಕೊಂಡು ಹೋಗಿ ಬಂದೆ. ಹಳ್ಳಿಯೇನಲ್ಲ ಅದು. 2020ರ ಜನಗಣತಿಯಲ್ಲಿ ಒಂಬತ್ತು ಲಕ್ಷ ದಾಟಿತ್ತು. 2024ರ ಅಂದಾಜಿನ ಪ್ರಕಾರ ಹತ್ತು ಲಕ್ಷವನ್ನೂ ದಾಟಿದೆ. ಗಾಜಿನ ಮುಗಿಲುಮಾಳಿಗೆಗಳಿವೆ, ವಿಮಾನದ ಕಾರ್ಖಾನೆಯಿದೆ, ಘನವಾದ ಕಲಾಶಾಲೆಗಳಿವೆ. ಅಹಮದಾಬಾದಿನಲ್ಲಿ ಆಡಳಿತ ವಿದ್ಯೆಯ ಸಂಸ್ಥೆಗೆ ಇಟ್ಟಿಗೆಯ ಮಹಾಕಮಾನುಗಳನ್ನು ಕಟ್ಟಿಸಿದ ಲೂಯಿ ಕಾನ್ ಎಂಬ ವಾಸ್ತುಶಿಲ್ಪಿಯೇ ಇಲ್ಲಿ ಕಿಂಬೆಲ್ ಕಲಾಶಾಲೆಯನ್ನೂ ರಚಿಸಿದ. ಅದು 1972ರಲ್ಲಿ ತೆರೆಯಿತು. ಅದರ ಬಾಗುಮಾಳಿಗೆಯ ನೆತ್ತಿಯ ಸೀಳಿನಿಂದ ಇಳಿದು ಬರುವ ಬೆಳಕನ್ನು ನೋಡುತ್ತ ನಾನು ಅರ್ಧ ದಿವಸ ಕಳೆದೆ; ಚಿತ್ರಗಳನ್ನು ನೋಡಿದ್ದು ಕಡಿಮೆ. ಆದರೆ ಇಷ್ಟೆಲ್ಲ ಇದ್ದೂ ಊರು ಮೆರೆಯುವುದು ದನ ಕಾಯುವವನ ವೇಷದಲ್ಲಿ. ಬ್ಯಾಂಕಿನ ಮ್ಯಾನೇಜರು ಹಿಮ್ಮಡಿಯೆತ್ತರದ ಬೂಟು ಮೆಟ್ಟುತ್ತಾನೆ. ವಕೀಲ ಅಗಲಂಚಿನ ಹ್ಯಾಟು ಧರಿಸುತ್ತಾನೆ. ಚಳಿಗಾಲಕ್ಕೆ ಉಣ್ಣೆಯದು, ಬೇಸಿಗೆಗೆ ಹುಲ್ಲಿನದು. ಮದುವೆಗೂ ಮಸಣಕ್ಕೂ ಅದೇ ಬೂಟು. ಅಧ್ಯಕ್ಷ ಕೆನಡಿಯವರು 1963ರ ನವೆಂಬರ್ 22ರ ಬೆಳಿಗ್ಗೆ ಉಪಾಹಾರ ಮಾಡಿದ್ದು ಈ ಊರಿನಲ್ಲಿ. ಊರವರು ಅವರಿಗೆ ಒಂದು ಹ್ಯಾಟನ್ನು ಕೊಟ್ಟು ತಲೆಗಿಟ್ಟುಕೊಳ್ಳಿರೆಂದು ಬೇಡಿಕೊಂಡರು. ಸೋಮವಾರ ವಾಷಿಂಗ್ಟನ್ನಿನಲ್ಲಿ ಹಾಕಿಕೊಳ್ಳುತ್ತೇನೆಂದು ಅವರು ನಕ್ಕು ಜಾರಿಕೊಂಡರು. ಅದೇ ಮಧ್ಯಾಹ್ನ, ಮೂವತ್ತು ಮೈಲಿಯಾಚೆಯ ಡಲ್ಲಾಸಿನಲ್ಲಿ ಗುಂಡಿಗೆ ಬಲಿಯಾದರು.

ಇಷ್ಟು ಗೌರವ ಪಡೆದ ಈ ಕೌಬಾಯ್ ಯಾರು? ಪದವನ್ನು ಬಿಡಿಸಿದರೆ ಹೊರಡುವ ಅರ್ಥ 'ದನದ ಹುಡುಗ'. ಕಾಲೇಜಿನಲ್ಲಿ ಸಮಾಸ ಬಿಡಿಸಿ ಬಿಡಿಸಿ ಬೆಳೆದ ಚಟ ನನ್ನದು; ಈ ಪದ ನನಗೆ ದಿನವಿಡೀ ಚುಚ್ಚುತ್ತಿತ್ತು. ನಮ್ಮೂರಿನಲ್ಲಿ ಬೈಗುಳವಾದದ್ದು ಇಲ್ಲಿ ಬಿರುದಾದುದು ಹೇಗೆ?

ಬಿರುದಾದುದು ತಡವಾಗಿಯೇ. ಮೊದಲು ಈ ಊರು ಒಂದು ಸೈನ್ಯದ ಠಾಣ್ಯ. 1849ರಲ್ಲಿ ಟ್ರಿನಿಟಿ ಹೊಳೆಯ ದಡದಲ್ಲಿ ಹೂಡಿದ್ದು. ಅಂತರ್ಯುದ್ಧ 1865ರಲ್ಲಿ ಮುಗಿದಾಗ ಟೆಕ್ಸಾಸಿನ ಬಯಲಿನಲ್ಲಿ ಲೆಕ್ಕವಿಲ್ಲದಷ್ಟು ಉದ್ದಕೋಡಿನ ದನ ತಿರುಗುತ್ತಿತ್ತು; ಕೊಳ್ಳುವವರಿಲ್ಲ. ಇಲ್ಲಿ ಮೂರು ನಾಲ್ಕು ಡಾಲರಿಗೂ ಹೋಗದ ದನಕ್ಕೆ ಉತ್ತರದ ಪಟ್ಟಣಗಳಲ್ಲಿ ಅದರ ಹತ್ತರಷ್ಟು ಬೆಲೆ. ನಡುವೆ ನೂರಾರು ಮೈಲಿ ಬಯಲು. ಕಾನ್ಸಸ್ಸಿನ ಆಬಿಲೀನ್ ಎಂಬಲ್ಲಿಯ ರೈಲು ನಿಲ್ದಾಣದ ಬಳಿ 1867ರಲ್ಲಿ ದನದ ದೊಡ್ಡಿಗಳೆದ್ದವು. ಅಲ್ಲಿಗೆ ದನ ಹೊಡೆದುಕೊಂಡು ಹೋಗುವ ಹಾದಿಗೆ ಚಿಸಮ್ ಹಾದಿ ಎಂದು ಹೆಸರು. ಫೋರ್ಟ್‌ವರ್ತ್ ಆ ಹಾದಿಯಲ್ಲಿ ಹಿಟ್ಟು, ಕಾಫಿ, ಹುರುಳಿ ತುಂಬಿಕೊಳ್ಳುವ ಕಡೆಯ ಊರು. ಅದರಾಚೆ ಕೆಂಪು ಹೊಳೆ, ಅದರಾಚೆ ಇಂಡಿಯನ್ನರ ಸೀಮೆ.

ಎರಡು ಸಾವಿರ, ಎರಡೂವರೆ ಸಾವಿರ ದನಕ್ಕೆ ಹತ್ತು ಹನ್ನೆರಡು ಜನ. ದಿನಕ್ಕೆ ಹತ್ತು ಹದಿನೈದು ಮೈಲಿ; ಹೆಚ್ಚು ನಡೆಸಿದರೆ ದನ ಸೊರಗುತ್ತದೆ, ಸೊರಗಿದ ದನಕ್ಕೆ ಬೆಲೆಯಿಲ್ಲ. ಮುಂದೆ ದಾರಿ ಹಿಡಿಸುವವರು ಇಬ್ಬರು, ಮಗ್ಗುಲಲ್ಲಿ ಕೆಲವರು. ಹೊಸಬರಾದ ಹುಡುಗರು ಹಿಂದುಗಡೆ ಧೂಳು ಕುಡಿಯುತ್ತ ಕುಂಟುದನಗಳನ್ನು ನೂಕಿಕೊಂಡು ಬರಬೇಕು. ಕತ್ತಿನ ಕರವಸ್ತ್ರ ಆ ಧೂಳಿಗೆ, ಹ್ಯಾಟು ಬಿಸಿಲಿಗೆ, ಬೂಟಿನ ಎತ್ತರದ ಹಿಮ್ಮಡಿ ಕಾಲು ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳದಿರುವುದಕ್ಕೆ. ಇಂದು ಬ್ಯಾಂಕಿನ ಮ್ಯಾನೇಜರಿಗೆ ಅಲಂಕಾರವಾಗಿರುವ ಒಂದೊಂದಕ್ಕೂ ಆಗ ಒಂದು ಕೆಲಸವಿತ್ತು. ರಾತ್ರಿಯ ಪಹರೆಯವನು ಮಂದೆಯ ಸುತ್ತ ಕುದುರೆ ಸುತ್ತಿಸುತ್ತ ಮೆಲ್ಲಗೆ ಹಾಡಬೇಕು; ಮನುಷ್ಯನ ಸದ್ದು ಕೇಳುತ್ತಿದ್ದರೆ ದನ ಬೆದರುವುದಿಲ್ಲ. ಗುಡುಗಿಗೆ ಬೆದರಿ ಓಡಿತೋ, ಆ ಕತ್ತಲಲ್ಲಿ ಬಿದ್ದವನ ಗತಿ ಮುಗಿಯಿತು. ಇಷ್ಟಕ್ಕೆ ತಿಂಗಳಿಗೆ ಮೂವತ್ತು ನಲವತ್ತು ಡಾಲರು ಸಂಬಳ. ದನ ಅವನದಲ್ಲ; ಎಷ್ಟೋ ವೇಳೆ ಕುದುರೆಯೂ ಅವನದಲ್ಲ. 1883ರಲ್ಲಿ ಟೆಕ್ಸಾಸಿನ ಉತ್ತರ ಭಾಗದಲ್ಲಿ ಈ ಹುಡುಗರು ಕೂಲಿ ಹೆಚ್ಚಿಸಿರೆಂದು ಮುಷ್ಕರ ಹೂಡಿ ಸೋತರು. ಅರಿಜೋನಾದ ಕಡೆ ಆ ದಿನಗಳಲ್ಲಿ ಕೌಬಾಯ್ ಎಂದರೆ ದನಗಳ್ಳ ಎಂದೇ ಅರ್ಥವಿತ್ತು. ಅಂದರೆ ಅವರ ಮೇಷ್ಟರುಗಳೂ ಒಂದು ಕಾಲಕ್ಕೆ ನಮ್ಮ ಮೇಷ್ಟರುಗಳಂತೆಯೇ ಬೈದಿರಬೇಕು!

ಆ ಬಾಳೂ ಇಪ್ಪತ್ತು ವರ್ಷದ್ದು. ಮುಳ್ಳುತಂತಿಗೆ 1874ರಲ್ಲಿ ಹಕ್ಕುಪತ್ರ ಸಿಕ್ಕಿ ಬಯಲೆಲ್ಲ ಬೇಲಿಯಾಯಿತು. 1876ರ ಜುಲೈನಲ್ಲಿ ರೈಲು ಫೋರ್ಟ್‌ವರ್ತ್‌ಗೇ ಬಂದಿತು. ಟೆಕ್ಸಾಸಿನ ದನದ ಉಣ್ಣೆಯಿಂದ ಜ್ವರ ಹರಡುತ್ತದೆಂದು 1885ರಲ್ಲಿ ಕಾನ್ಸಸ್ ತನ್ನ ಗಡಿಯನ್ನು ಮುಚ್ಚಿತು. ಇನ್ನೇನು ಹಾದಿಯೇ ಇಲ್ಲವೆಂದಾಗ ಕೌಬಾಯ್ ಕಥೆಗೆ ಸಂದ. ಬಫಲೊ ಬಿಲ್ಲನ ಪ್ರದರ್ಶನಗಳಲ್ಲಿ ನಟನಾದ, 1902ರಲ್ಲಿ ಓವೆನ್ ವಿಸ್ಟರನ 'ದಿ ವರ್ಜೀನಿಯನ್' ಕಾದಂಬರಿಗೆ ನಾಯಕನಾದ, ಆಮೇಲೆ ಸಿನಿಮಾ ಪರದೆಯನ್ನೇರಿದ. ಕೆಲಸ ಹೋದ ಮೇಲೆ ಕೀರ್ತಿ ಬಂದಿತು.

ಆದರೆ ಕಥೆಗೆ ಏರುವಾಗ ಅವನ ಬಣ್ಣವೂ ಬದಲಾಯಿತು. ಆ ಕಸುಬಿನ ಮಾತುಗಳೇ ಸ್ಪ್ಯಾನಿಷಿನವು: ಹಗ್ಗಕ್ಕೆ ಲಾರಿಯಟ್ ಎನ್ನುವುದು 'ಲಾ ರಿಯಾಟಾ'ದಿಂದ, ರೋಡಿಯೊ ಎನ್ನುವುದು ದನವನ್ನು ಸುತ್ತುಗಟ್ಟಿ ಕೂಡಿಸುವುದಕ್ಕಿದ್ದ ಪದದಿಂದ. ಮೆಕ್ಸಿಕೋದ 'ವಕೇರೊ' ಇವರೆಲ್ಲರ ಗುರು. 'ವಾಕ' ಎಂದರೆ ಹಸು. ಬಿಡುಗಡೆ ಹೊಂದಿದ ಕರಿಯ ಗುಲಾಮರೂ ಮಂದೆಗಳ ಜೊತೆಯಲ್ಲಿ ಬಹಳ ಜನ ಸವಾರಿ ಮಾಡಿದರು. ಓಡುವ ಹೋರಿಯ ಮೇಲೆ ಕುದುರೆಯಿಂದ ಹಾರಿ ಕೋಡು ತಿರುಚಿ ಕೆಡಹುವ ಆಟವನ್ನು ಮೊದಲು ತೋರಿಸಿದವನು ಬಿಲ್ ಪಿಕೆಟ್ ಎಂಬ ಕರಿಯ. ಅವನು ಹೋರಿಯ ತುಟಿಯನ್ನೂ ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದನಂತೆ. ಅವನ ಕಂಚಿನ ಪ್ರತಿಮೆ ಈಗ ದನದ ಪೇಟೆಯಲ್ಲಿದೆ. ಸಿನಿಮಾದವರಿಗೆ ಮಾತ್ರ ಬಹಳ ಕಾಲ ಅವನಂಥವರು ಕಣ್ಣಿಗೆ ಬೀಳಲಿಲ್ಲ. ಆ ಬಯಲಿನಲ್ಲಿ ಮೊದಲಿಂದ ಇದ್ದ ಕೊಮಾಂಚಿ ಜನ, ಅವರು ನೆಚ್ಚಿದ್ದ ಕಾಡೆಮ್ಮೆಯ ಹಿಂಡುಗಳು, ಇವರ ಪಾಡನ್ನು ಹೇಳಲು ಬೇರೊಂದು ಲೇಖನವೇ ಬೇಕು.

ದನದ ಪೇಟೆ ಎಂದೆನಲ್ಲ, ಅದು ಊರಿನ ಉತ್ತರ ಭಾಗ. 1903ರಲ್ಲಿ ಸ್ವಿಫ್ಟ್, ಆರ್ಮರ್ ಎಂಬ ಎರಡು ಮಾಂಸದ ಕಾರ್ಖಾನೆಗಳು ಅಲ್ಲಿ ಬಾಗಿಲು ತೆರೆದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರ ಒಂದೇ ವರ್ಷ, 50 ಲಕ್ಷಕ್ಕೂ ಮಿಕ್ಕ ದನ, ಕುರಿ, ಹಂದಿಗಳು ಆ ಪೇಟೆಯನ್ನು ಹಾಯ್ದವಂತೆ. ಆರ್ಮರ್ 1962ರಲ್ಲಿ ಮುಚ್ಚಿತು, ಸ್ವಿಫ್ಟ್ 1971ರಲ್ಲಿ. ಹಾದಿಯ ಬಾಳು ಇಪ್ಪತ್ತು ವರ್ಷ, ಕಾರ್ಖಾನೆಯದು ಅರುವತ್ತೆಂಟು. ಊರನ್ನು ಸಾಕಿದ್ದು ಎರಡನೆಯದೇ. ಆದರೆ ಕಟುಕನ ರಕ್ತದ ಮುಂಗಡಬಟ್ಟೆಯನ್ನು ಯಾವ ಬ್ಯಾಂಕಿನವನೂ ಕಟ್ಟಿಕೊಳ್ಳುವುದಿಲ್ಲ, ಯಾವ ಅಂಗಡಿಯವನೂ ಮಾರುವುದಿಲ್ಲ. ಊರುಗಳಿಗೂ ನಮ್ಮ ಹಾಗೆಯೇ ನೆನಪಿನಲ್ಲಿ ಆಯ್ಕೆಯುಂಟು. ಕುದುರೆಯ ಮೇಲಿರುವವನು ಅಜ್ಜನಾದರೆ ಒಪ್ಪುತ್ತದೆ.

ಈಗ ಅಲ್ಲಿ ಇಟ್ಟಿಗೆ ಹಾಸಿದ ಬೀದಿಯಿದೆ, ಹೋಟೆಲುಗಳಿವೆ, ಕುದುರೆ ಹೇಸರಗತ್ತೆಗಳ ಹಳೆಯ ಲಾಯದಲ್ಲಿ ಬೂಟಿನ ಅಂಗಡಿಗಳಿವೆ. 1999ರಿಂದ ಒಂದು ಪರಿಪಾಠ ಬೆಳೆಸಿದ್ದಾರೆ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಹನ್ನೊಂದೂವರೆಗೆ, ಸಂಜೆ ನಾಲ್ಕಕ್ಕೆ, ಹದಿನೈದಿಪ್ಪತ್ತು ಉದ್ದಕೋಡಿನ ದನಗಳು ಆ ಬೀದಿಯಲ್ಲಿ ಮೆರವಣಿಗೆ ಹೊರಡುತ್ತವೆ. ಕುದುರೆಯ ಮೇಲೆ ಹಳೆಯ ಕಾಲದ ಉಡುಪಿನ ನಾಲ್ಕಾರು ಜನ ಸಂಬಳದ ಕಾವಲುಗಾರರು. ಹತ್ತು ನಿಮಿಷದ ವೈಭವ. ಅದಕ್ಕೆ ಅರ್ಧ ಗಂಟೆ ಮೊದಲಿಂದ ಜನ ಎರಡು ಸಾಲಾಗಿ ನಿಂತಿರುತ್ತಾರೆ. ನಾನು ಮೊದಲು ನೋಡಿದ ದಿವಸ ತಮ್ಮನ ಮಗಳು ನನ್ನ ಹೆಗಲ ಮೇಲಿದ್ದಳು. ಸುತ್ತ ನೂರಾರು ಮಂದಿ ಫೋನು ಎತ್ತಿ ಹಿಡಿದಿದ್ದಾರೆ. ದನಗಳು ಯಾವ ಗಡಿಬಿಡಿಯೂ ಇಲ್ಲದೆ, ಎಡಬಲಕ್ಕೆ ಆರಡಿ ಏಳಡಿ ಚಾಚಿದ ಕೋಡುಗಳನ್ನು ಪಲ್ಲಕ್ಕಿಯಂತೆ ತೂಗಿಕೊಂಡು ನಡೆದುಹೋದುವು. ಒಂದು ಸೆಗಣಿ ಹಾಕಿತು. ಜನ ಚಪ್ಪಾಳೆ ತಟ್ಟಿದರು. ನಮ್ಮೂರ ಬೀದಿಯಲ್ಲಿ ದಿನಾ ಗೋಧೂಳಿಯಲ್ಲಿ ಅಪ್ಪ ನೂರಿಪ್ಪತ್ತು ದನ ತಂದು ಮನೆಮನೆಗೆ ಸೇರಿಸುತ್ತಿದ್ದರು, ಚಪ್ಪಾಳೆ ಹಾಗಿರಲಿ, "ನಮ್ಮ ಕರು ಯಾಕೋ ಕುಂಟುತ್ತೆ, ಎಲ್ಲಿ ಬೀಳಿಸಿದೆ?" ಎಂದು ಗದರಿಸಿಕೊಳ್ಳದ ಸಂಜೆಯೇ ಕಡಿಮೆ.

ಆ ರಾತ್ರಿ ತಮ್ಮನೊಡನೆ ಈ ಮಾತೆತ್ತಿದೆ. ಆಫೀಸಿನಲ್ಲಿ ಯಾರಾದರೂ ಕೇಳಿದರೆ ಅಪ್ಪ ರೈತರೆಂದು ಹೇಳುತ್ತೇನೆ ಎಂದ. "ಅಷ್ಟು ಸಾಕಲ್ಲವೇನಣ್ಣ?" ಎಂದು ನನ್ನನ್ನೇ ಕೇಳಿದ. ಹೆಡ್‌ಮೇಷ್ಟರು ಬರೆದದ್ದನ್ನು ಅವನು ಏಳು ಸಮುದ್ರದಾಚೆಗೂ ಕೊಂಡೊಯ್ದಿದ್ದ.

ಹಾಗೆ ನೋಡಿದರೆ ಕನ್ನಡಕ್ಕೆ ಈ ಕಸುಬಿನ ಮರ್ಯಾದೆ ತಿಳಿಯದ್ದೇನಲ್ಲ. 'ತುರು' ಎಂದರೆ ದನ, ಕಾಯುವವನು ತುರುಗಾಹಿ. ಶತ್ರುಗಳು ಊರ ದನ ಹಿಡಿದಾಗ ಅಡ್ಡಬಿದ್ದು ಹೋರಾಡಿ ಸತ್ತವರಿಗೆ ನಿಲ್ಲಿಸಿದ ತುರುಗೋಳಿನ ವೀರಗಲ್ಲುಗಳು ನಮ್ಮ ಜಿಲ್ಲೆಗಳ ತುಂಬ ಇವೆ. ಬಸವಣ್ಣನವರ ಕಾಲದ ಶರಣರಲ್ಲಿ ತುರುಗಾಹಿ ರಾಮಣ್ಣನೆಂಬ ವಚನಕಾರನಿದ್ದಾನೆ. ಕಸುಬೇ ಅವನ ಹೆಸರಿನ ಮುಂಭಾಗ, ಅಂಕಿತದಲ್ಲಿಯೂ ಗೋಪತಿನಾಥ. ತರಗತಿಯಲ್ಲಿ ಅವನ ವಚನಗಳಿಗೆ ಬಂದಾಗ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಗುವುದುಂಟು. ಸ್ವತಃ ಪರಮಾತ್ಮನೇ ಗೊಲ್ಲರ ಹಟ್ಟಿಯಲ್ಲಿ ಬೆಳೆದನೆಂದರೆ ಕೈ ಮುಗಿಯುವ ಜನ, ಪಕ್ಕದ ಮನೆಯ ಗೊಲ್ಲನನ್ನು ಜಗಲಿಯ ಕೆಳಗೇ ನಿಲ್ಲಿಸಿದೆವು. ಅಮೆರಿಕದವರಾದರೋ ದೇವರ ತಂಟೆಗೆ ಹೋಗದೆ ಕೂಲಿಯವನನ್ನೇ ಹಿಡಿದರು. ಆದರೆ ಅವನು ಕಣ್ಮರೆಯಾಗುವ ತನಕ ಕಾದು!

ಅಪ್ಪ ಬಂದದ್ದು 2023ರ ಜನವರಿಯಲ್ಲಿ ಎಂದೆ. ಅವರಿಗೆ ಎಪ್ಪತ್ತನಾಲ್ಕು. ತಮ್ಮ ಕೊಂಡುತಂದ ದಪ್ಪ ಕೋಟನ್ನು ಒಂದು ದಿನ ಹಾಕಿಕೊಂಡು, ಉಸಿರು ಕಟ್ಟುತ್ತದೆಂದು ಬಿಸುಟು, ಊರಿಂದ ತಂದ ಕರಿಯ ಕಂಬಳಿಯನ್ನೇ ಹೊದ್ದರು. ಆ ತಿಂಗಳಲ್ಲಿ ಅಲ್ಲಿ ದನದ ಜಾತ್ರೆ. 1896ರಲ್ಲಿ ಮೊದಲಾದದ್ದು, ಮೂರು ವಾರ ನಡೆಯುತ್ತದೆ. ನಮ್ಮ ಕಡೆಯ ಜಾತ್ರೆಗಳಿಗಿಂತ ಅಚ್ಚುಕಟ್ಟು ಹೆಚ್ಚು, ಧೂಳು ಕಡಿಮೆ, ಕಡಲೆಪುರಿ ಇಲ್ಲ. ಕಂಬಳಿ ಕೊಪ್ಪೆ ಹಾಕಿದ ಮುದುಕರು ಹ್ಯಾಟುಗಳ ನಡುವೆ ನಡೆಯುವಾಗ ಜನ ತಿರುಗಿ ನೋಡಿದರು. ಅಪ್ಪ ಯಾರನ್ನೂ ನೋಡಲಿಲ್ಲ, ದನಗಳನ್ನೇ ನೋಡಿದರು. ಕರಿಯ, ಕೆಂಪು, ಬಿಳಿಮೋರೆಯ ಸೀಮೆದನಗಳು. ಬೆನ್ನು ಹಲಗೆಯಂತೆ ಮಟ್ಟ. "ಹಿಣಿಲಿಲ್ಲದ ದನ ಏನು ದನವೋ!" ಎಂದು ಮುಂದೆ ಸಾಗಿದರು. ಒಂದು ಸಾಲಿನ ತುದಿಯಲ್ಲಿ ಗಕ್ಕನೆ ನಿಂತರು. ಬೂದುಬಣ್ಣ, ಎತ್ತರದ ಹಿಣಿಲು, ಜೋಲುಗಿವಿ, ಮೊಣಕಾಲವರೆಗೂ ತೂಗುವ ಗಂಗೆದೊಗಲು. "ಇದು ನಮ್ಮ ಕಡೇದು ಕಣ್ರೋ!" ಎಂದರು.

ಹೌದು. ಆ ತಳಿಗೆ ಅಮೆರಿಕದವರು ಇಟ್ಟಿರುವ ಹೆಸರು 'ಬ್ರಾಹ್ಮನ್'. ಬಿಸಿಲಿಗೂ ಉಣ್ಣೆಗೂ ಜಗ್ಗದ ದನ ಬೇಕೆಂದು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಬಗೆಬಗೆಯಾಗಿ ತರಿಸಿಕೊಂಡರು. 1906ರಲ್ಲಿ ಟೆಕ್ಸಾಸಿನ ಪಿಯರ್ಸ್ ರ್ಯಾಂಚಿನವರು ಭಾರತದಿಂದಲೇ ಹಡಗಿನಲ್ಲಿ ಸಾಗಿಸಿದರು. ಗುಜರಾತಿನ ಗೀರ್, ಕಾಂಕ್ರೇಜ್, ಆಂಧ್ರದ ಒಂಗೋಲು, ಇವುಗಳ ಜೊತೆಗೆ ನಮ್ಮ ಬೆಳಗಾವಿ ಬಿಜಾಪುರಗಳ ಕಡೆಯ ಕೃಷ್ಣಾತೀರದ ತಳಿಯ ರಕ್ತವೂ ಅದರಲ್ಲಿ ಸೇರಿದೆ. 1924ರಲ್ಲಿ ಸಾಕುವವರ ಸಂಘವೇ ಹುಟ್ಟಿತು. ರೋಡಿಯೊದಲ್ಲಿ ಸವಾರರನ್ನು ಎಸೆದಾಡುವ ಹೋರಿಗಳಲ್ಲಿ ಬಹುಪಾಲಿನ ಮೈಯಲ್ಲಿ ಇದರ ರಕ್ತವುಂಟು. ಇದೆಲ್ಲವನ್ನೂ ಹೇಳಿ ಹೆಸರನ್ನೂ ಹೇಳಿದಾಗ ಅಪ್ಪ ಒಂದು ಗಳಿಗೆ ಅದನ್ನೇ ದಿಟ್ಟಿಸಿ, "ಜನಿವಾರ ಎಲ್ಲಿ?" ಎಂದು ಕೇಳಿದರು.

ಅದು ಕಡಸು. ಅಪ್ಪ ಗಂಟಲಲ್ಲಿ ಹೋ ಎಂದು ಸಣ್ಣಗೆ ಸದ್ದು ಮಾಡುತ್ತ ಹತ್ತಿರ ಹೋಗಿ ಗಂಗೆದೊಗಲನ್ನು ತುರಿಸಿದರು. ಅದು ಕತ್ತು ಚಾಚಿ ಕಣ್ಣು ಮುಚ್ಚಿಕೊಂಡಿತು. ಪಕ್ಕದಲ್ಲಿ ಮಡಿಸುಕುರ್ಚಿಯ ಮೇಲೆ ಕುಳಿತಿದ್ದ ಅದರ ಯಜಮಾನ, ಅಪ್ಪನಷ್ಟೇ ವಯಸ್ಸಿನವನು, ಹ್ಯಾಟನ್ನು ಹಿಂದಕ್ಕೆ ಸರಿಸಿ ನೋಡಿದ. ಇವರಿಗೆ ಎಷ್ಟು ದನ ಎಂದು ತಮ್ಮನನ್ನು ಕೇಳಿದ. ತಮ್ಮ ತಡವರಿಸಿದ, ಆಮೇಲೆ ನೂರಿಪ್ಪತ್ತು ಎಂದ, ಸ್ವಲ್ಪ ತಡೆದು, ಇವರವಲ್ಲ, ಊರವು ಎಂದ. ಕುದುರೆಗಳೆಷ್ಟು? ಕುದುರೆಯಿಲ್ಲ, ನಡೆದೇ. ಒಬ್ಬರೇ? ಒಬ್ಬರೇ. ಆ ಯಜಮಾನ ಎದ್ದು ನಿಂತ.

ಅಲ್ಲಿಂದ ಮುಂದೆ ಅರ್ಧ ಗಂಟೆ ಆ ಇಬ್ಬರದೇ ಮಾತು. ತಮ್ಮ ನಡುವೆ ಭಾಷಾಂತರದ ಹಗ್ಗ ಜಗ್ಗುತ್ತ ಬೆವರಿದ. ಮಂದೆ ಬೆದರಿ ಓಡಿದರೆ ಒಬ್ಬ ಮನುಷ್ಯ ಕಾಲ್ನಡೆಯಲ್ಲಿ ಏನು ಮಾಡಬಲ್ಲ ಎಂದು ಅವನ ಪ್ರಶ್ನೆ. ಮಂದೆಯ ಹಿಂದೆ ಓಡಬಾರದು ಎಂದರು ಅಪ್ಪ. ಪ್ರತಿ ಮಂದೆಯಲ್ಲಿಯೂ ಒಂದು ಹಿರಿಯ ಹಸು ಇರುತ್ತದೆ. ಅದಕ್ಕೆ ಕೊರಳ ಗಂಟೆ ಕಟ್ಟಿ, ನಿಮ್ಮ ದನಿ ಕಲಿಸಿಟ್ಟಿರಬೇಕು. ಅದು ತಿರುಗಿದರೆ ಮಿಕ್ಕವೆಲ್ಲ ತಿರುಗುತ್ತವೆ. ಯಜಮಾನ ತೊಡೆ ತಟ್ಟಿಕೊಂಡು ನಕ್ಕ. ಚಾರ್ಲ್ಸ್ ಗುಡ್‌ನೈಟ್ ಎಂಬ ಹೆಸರಾಂತ ದನಗಾಹಿಯೂ ಹಾಗೆಯೇ ಮಾಡುತ್ತಿದ್ದನಂತೆ. ಓಲ್ಡ್ ಬ್ಲೂ ಎಂಬ ಎತ್ತಿನ ಕೊರಳಿಗೆ ಗಂಟೆ ಕಟ್ಟಿ ಮುಂದೆ ಬಿಟ್ಟರೆ ಇಡೀ ಮಂದೆ ಹಿಂದೆ ಬರುತ್ತಿತ್ತಂತೆ. ಕಡೆಗೆ ಅವನು ಅಪ್ಪನ ಕೈ ಹಿಡಿದು ಕುಲುಕುತ್ತ ತಮ್ಮನ ಕಡೆ ತಿರುಗಿ ಒಂದು ಮಾತು ಹೇಳಿದ. ಅದರಲ್ಲಿ ಕೌಬಾಯ್ ಎಂಬ ಪದವಿತ್ತು. ತಮ್ಮ ಸುಮ್ಮನಿದ್ದ.

"ಏನಂತೆ ಕಣ್ಲಾ?" ಎಂದರು ಅಪ್ಪ.

"ನೀನು ದನ ಕಾಯೋನು ಅಂತ, ಅಪ್ಪ."

"ಅದನ್ನ ಅವನು ಹೇಳಬೇಕಾ? ನೀನು ಮೊದಲೇ ಹೇಳಿರಲಿಲ್ವಾ?"

ತಮ್ಮ ಉತ್ತರ ಕೊಡಲಿಲ್ಲ. ಅಪ್ಪನೂ ಉತ್ತರಕ್ಕೆ ಕಾಯಲಿಲ್ಲ. ಅವರ ಗಮನ ಆಗಲೇ ಕಡಸಿನ ಹೊಟ್ಟೆಯ ಮೇಲಿತ್ತು. ಕಂಬಳಿಯನ್ನು ಹೆಗಲಿಗೆ ಸರಿಸಿ, ಅದರ ಬಲಮಗ್ಗುಲಿಗೆ ಅಂಗೈಯಿಟ್ಟು, "ಗಬ್ಬ ಎಷ್ಟು ತಿಂಗಳು, ಕೇಳು" ಎಂದರು. ಯಜಮಾನ ಐದು ಬೆರಳು ತೋರಿಸಿದ. ಅಪ್ಪ ತಲೆಯಾಡಿಸಿ, ಐದು ಬೆರಳಿನ ಪಕ್ಕದಲ್ಲಿ ಇನ್ನೊಂದು ಕೈಯ ಹೆಬ್ಬೆರಳನ್ನೆತ್ತಿ ಹಿಡಿದರು.